ನಿದ್ದೆ ಒಡೆಯುವ ಕಾಸಿಂ

ಕಾಸಿಂ ಹುಡುಗರನ್ನು ಎಬ್ಬಿಸುತ್ತಿದ್ದದ್ದು ನಲ್ಲಿ ಪೈಪಿನ ತುಂಡಿನಿಂದ. ಹೊರಗೆ ಸೌದಿಯ ತಬೂಕಿನ ಬಿಸಿಲು ಮಣ್ಣು ಹುರಿಯುತ್ತಿರುವ ಹೊತ್ತಿಗೆ, ಕಿಟಕಿಗಳಿಗೆ ಬೆಳ್ಳಿಹಾಳೆ ಅಂಟಿಸಿ ಕತ್ತಲು ಮಾಡಿದ ಕೋಣೆಯ ಬಾಗಿಲು ಒದ್ದು ಒಳಗೆ ಬರುತ್ತಿದ್ದ. ಗೋಡೆಯ ಮೊಳೆಯಿಂದ ಪೈಪು ಇಳಿಸಿ, ಎರಡಂತಸ್ತಿನ ಕಬ್ಬಿಣದ ಮಂಚಗಳ ಕಾಲಿಗೆ ಸಾಲಾಗಿ ಬಾರಿಸುತ್ತ ಹೋಗುತ್ತಿದ್ದ. ಆ ಸದ್ದು ಹಲ್ಲಿನ ಬುಡಕ್ಕೆ ಇಳಿಯುವಂಥದ್ದು. ಎರಡನೇ ಸುತ್ತಿಗೂ ಏಳದವನ ಅಂಗಾಲಿಗೆ ಅದೇ ಪೈಪು. ಅದಕ್ಕೂ ಏಳದಿದ್ದರೆ ಆಮೇಲಿನ ಪೆಟ್ಟು ಎಲ್ಲಿಗೆ ಎಂಬುದು ಅವನಿಗೇ ಗೊತ್ತಿರುತ್ತಿರಲಿಲ್ಲ.

“ಯಲ್ಲಾ, ಯಲ್ಲಾ, ಏಳಿ. ಸತ್ತವರೂ ಇಷ್ಟು ಮಲಗುವುದಿಲ್ಲ ಮಾರಾಯ್ರೇ,” ಎನ್ನುತ್ತಿದ್ದ.

ಮಲಗಿದವರಾದರೂ ಯಾರು? ಇಡೀ ರಾತ್ರಿ ಆಸ್ಪತ್ರೆಯ ನೆಲ ಒರೆಸಿ, ರಕ್ತ ಕೀವು ತೊಳೆದು, ಕಸದ ಚೀಲ ಹೊತ್ತು, ಬೆಳಿಗ್ಗೆ ಬಸ್ಸಿನಲ್ಲಿ ಬಂದು ಬಿದ್ದ ಹುಡುಗರು. ಮೀಸೆ ಇನ್ನೂ ದಟ್ಟವಾಗದ ಪ್ರಾಯ. ಗುತ್ತಿಗೆ ಕಂಪೆನಿಗೆ ಅವರ ನಿದ್ದೆ ಖಾಲಿ ಬಿದ್ದ ಜಾಗದ ಹಾಗೆ ಕಾಣುತ್ತಿತ್ತು; ಬೇಲಿ ಹಾಕದ ಜಾಗ, ಯಾರು ಬೇಕಾದರೂ ನುಗ್ಗಬಹುದು. ಹೊಸ ಕಟ್ಟಡದ ಗಾಜು ಒರೆಸಲಿಕ್ಕುಂಟು, ಗೋದಾಮು ತೊಳೆಯಲಿಕ್ಕುಂಟು, ಯಾರೋ ದೊಡ್ಡವರು ಬರುತ್ತಾರೆ, ಅಂಗಳ ಗುಡಿಸಲಿಕ್ಕುಂಟು. ಸೈಟಿನ ಮೇಲ್ವಿಚಾರಕ ಝಿಯಾದ್ ಬಿಳಿ ವ್ಯಾನಿನ ಹಾರನ್ ಒತ್ತಿದರೆ ಸಾಕು, ಕ್ಯಾಂಪಿನ ಉಸ್ತುವಾರಿ ಕಾಸಿಂನ ಕೈ ಪೈಪಿಗೆ ಹೋಗುತ್ತಿತ್ತು.

ಕಾಸಿಂ ಉಳ್ಳಾಲದವ. ಇದೇ ಮಂಚಗಳಲ್ಲಿ ಮಲಗಿ, ಬೇರೊಬ್ಬನ ಒದೆ ತಿಂದು ಎದ್ದು, ಕೊನೆಗೆ ಒದೆಯುವ ಕೆಲಸಕ್ಕೆ ಬಡ್ತಿ ಪಡೆದವ. ಗಲ್ಫಿನಲ್ಲಿ ನಮ್ಮ ಎಷ್ಟೋ ಜನರಿಗೆ ಸಿಗುವ ಬಡ್ತಿ ಇಂಥದ್ದೇ. ಹಾಗಂತ ಕೆಟ್ಟ ಮನುಷ್ಯ ಅನ್ನಲಿಕ್ಕಾಗದು. ಜ್ವರ ಬಂದವನಿಗೆ ತಾನೇ ಗಂಜಿ ಬೇಯಿಸಿ ಕೊಡುತ್ತಿದ್ದ. ಊರಲ್ಲಿ ಯಾರದಾದರೂ ಮನೆಯಲ್ಲಿ ಸಾವಾದರೆ ಆ ಹುಡುಗನ ಬದಿಯಲ್ಲಿ ಕೂತು ಕುರಾನಿನ ಯಾಸೀನ್ ಓದುತ್ತಿದ್ದ. ಮರುದಿನ ಅದೇ ಹುಡುಗನ ಅಂಗಾಲಿಗೆ ಪೈಪು.

ಪೆಟ್ಟಿನ ಮೇಲೆ ಅವನಿಗಿದ್ದ ಈ ಭಕ್ತಿಗೆ ಒಂದು ಕಾರಣವಿತ್ತು. ಸಣ್ಣವನಾಗಿದ್ದಾಗ ಮನೆಯ ಹಿಂದಿನ ತೆಂಗಿನ ಮಡಲಿನ ರಾಶಿಯಲ್ಲಿ ಆಡುತ್ತಿದ್ದವನ ಕಾಲಿಗೆ ಹಾವು ಕಚ್ಚಿತು. ಹಾವು ಕಚ್ಚಿದವನನ್ನು ಮಲಗಲು ಬಿಡಬಾರದು, ಮಲಗಿದರೆ ವಿಷ ತಲೆಗೇರುತ್ತದೆ ಎಂಬುದು ಊರಿಗೆ ಊರೇ ನಂಬಿದ ಮಾತು. ಅವನ ಉಮ್ಮ ಸಫಿಯಮ್ಮ ಮಡಲಿನ ದಪ್ಪ ಬುಡದ ಕೊತ್ತಳಿಂಗೆ ಹಿಡಿದು ನಿಂತಳು. ಮಗನ ರೆಪ್ಪೆ ಇಳಿದಾಗಲೆಲ್ಲ ಬಾರಿಸಿದಳು. ಬೆನ್ನಿಗೆ, ತೊಡೆಗೆ, ತಡೆಯಲು ಬಂದ ಕೈಗೆ. ಚರ್ಮ ಕಿತ್ತು ಬಂತು. ಅವಳು ಅಳುತ್ತ ಹೊಡೆದಳು, ಅವನು ಅಳುತ್ತ ಎಚ್ಚರವಿದ್ದ. ಸೂರ್ಯ ಕಡಲಿಗೆ ಇಳಿಯುವಷ್ಟರಲ್ಲಿ ಅವಳ ತೋಳು ಊದಿ ಹೋಗಿತ್ತು. ಹುಡುಗ ಸಾಯಲಿಲ್ಲ.

“ನನ್ನನ್ನು ಉಮ್ಮ ಎರಡು ಸಲ ಹೆತ್ತದ್ದು,” ಎಂದು ಕಾಸಿಂ ಅಂಗಿ ಎತ್ತಿ ಬೆನ್ನಿನ ಕಲೆ ತೋರಿಸುತ್ತಿದ್ದ. “ಎರಡನೇ ಸಲ ಕೊತ್ತಳಿಂಗೆಯಿಂದ.”

ಆಸ್ಪತ್ರೆಯಲ್ಲಿ ದುಡಿಯುವವರಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಕಡ್ಡಾಯ. ರಕ್ತದಿಂದ ಹರಡಿ ಲಿವರನ್ನೇ ತಿನ್ನುವ ಕಾಮಾಲೆ ಅದು. ತಿಂಗಳುಗಳ ಅಂತರದಲ್ಲಿ ಮೂರು ಚುಚ್ಚುಮದ್ದು. ರಾತ್ರಿ ಪಾಳಿ ಮುಗಿಸಿ ಹೊರಟ ಹುಡುಗರನ್ನು ಬೆಳಿಗ್ಗೆಯೇ ಸಾಲು ನಿಲ್ಲಿಸಿ ತೋಳಿಗೆ ಚುಚ್ಚಿ ಬಸ್ಸು ಹತ್ತಿಸುತ್ತಿದ್ದರು. ಲಸಿಕೆ ಅಂದರೆ ರೋಗದ ವಿಷವನ್ನೇ ಸ್ವಲ್ಪ ಮೈಗೆ ಹಾಕುವುದು ಎಂದು ಯಾರೋ ಹೇಳಿದ್ದು ಕಾಸಿಂನ ತಲೆಯಲ್ಲಿ ಕೂತಿತ್ತು. ವಿಷ ಮೈಗೆ ಹೋದ ಮೇಲೆ ಮಲಗುವುದುಂಟಾ? ಬಸ್ಸು ಇಳಿದವರನ್ನು ಅವನು ಕೋಣೆಗೆ ಬಿಡಲಿಲ್ಲ. ಅಂಗಳದ ಬಿಸಿಲಲ್ಲಿ ನೀರಿನ ಟ್ಯಾಂಕಿಗೆ ಸುತ್ತು ಹಾಕಿಸಿದ. ಕೂತವನಿಗೆ ಒದೆ, ತೂಕಡಿಸಿದವನಿಗೆ ಏಟು.

ಹುಡುಗರಲ್ಲಿ ನಿಯಾಝ್ ಕಾಸಿಂನ ತಂಗಿ ಸಬೀನಾಳ ಒಬ್ಬನೇ ಮಗ. ಗಂಡ ಇಲ್ಲದ ಹೆಂಗಸು, ಮಗನ ಕೈಯನ್ನು ಅಣ್ಣನ ಕೈಯಲ್ಲಿಟ್ಟು ಕಳಿಸಿದ್ದಳು. ಸ್ವಂತದವನಾದ್ದರಿಂದ ಅವನಿಗೆ ಪೆಟ್ಟು ಜಾಸ್ತಿ.

“ಮಾಮ, ಕಾಲು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಬಿಡಿ.”

“ಮಲಗಿದರೆ ನಿನ್ನ ಉಮ್ಮನಿಗೆ ಎಂತ ಹೇಳಲಿ ನಾನು? ನಡಿ.” ಪೈಪು ಅವನ ಮೊಣಕಾಲಿನ ಹಿಂದೆ ಬಿತ್ತು. ನಿಯಾಝ್ ಮಣ್ಣಿಗೆ ಬಿದ್ದು, ಎದ್ದು, ನಡೆದ.

ಎರಡನೇ ಚುಚ್ಚುಮದ್ದಿನ ದಿನ ಗಂಗೊಳ್ಳಿಯ ಇಲ್ಯಾಸ್ ನಡೆಯುತ್ತಲೇ ನಿದ್ದೆ ಹೋದ. ಕಾಸಿಂ ಬೀಸಿದ ಕೈ ಅವನ ಎಡಗಿವಿಗೆ ಬಿತ್ತು. ಕಿವಿಯಿಂದ ತೆಳ್ಳಗೆ ರಕ್ತ ಇಳಿದು ಕಾಲರಿಗೆ ಹತ್ತಿತು. ಅಂದಿನಿಂದ ಇಲ್ಯಾಸ್ ಯಾರಾದರೂ ಮಾತಾಡಿದರೆ ಬಲಗಿವಿ ತಿರುಗಿಸಿ ಕೇಳುವವನಾದ.

ಝಿಯಾದ್‌ಗೆ ಇದೆಲ್ಲ ಭಾರೀ ಅನುಕೂಲವಾಯಿತು. ಎಬ್ಬಿಸುವ ಕಷ್ಟವೂ ಇಲ್ಲದೆ ಎಚ್ಚರವಿರುವ ಆಳುಗಳು ಅಂಗಳದಲ್ಲೇ ಸಿಗುತ್ತಿದ್ದರು. ವ್ಯಾನಿಗೆ ತುಂಬಿಕೊಂಡು ಹೋಗಿ ಗೋದಾಮು ತೊಳೆಸಿ, ಹಾಗೆಯೇ ರಾತ್ರಿ ಪಾಳಿಗೆ ಇಳಿಸುತ್ತಿದ್ದ. ಅಜ್ಞಾನಿ ಹೊಡೆಯುತ್ತಾನೆ, ಜಾಣ ಅದರ ಫಲ ಉಣ್ಣುತ್ತಾನೆ. ಲೋಕ ನಡೆಯುವುದೇ ಹಾಗೆ.

ಮೂರೂ ಚುಚ್ಚುಮದ್ದು ಹೀಗೇ ಮುಗಿದವು.

ಆಮೇಲೆ ಒಂದು ದಿನ ವಾರ್ಡಿನಲ್ಲಿ ನಿಯಾಝ್ ಕಸದ ಚೀಲದ ಬಾಯಿ ಕಟ್ಟಿ ಎತ್ತಿ ತೊಡೆಗೆ ಒರಗಿಸಿಕೊಂಡ. ಸೂಜಿಗೆಂದು ಗಟ್ಟಿ ಡಬ್ಬಿ ಪಕ್ಕದಲ್ಲೇ ಇರುವಾಗ ಯಾವನೋ ಪುಣ್ಯಾತ್ಮ ಸೂಜಿಯನ್ನು ಚೀಲಕ್ಕೆ ಎಸೆದಿದ್ದ. ಅದು ಪ್ಲಾಸ್ಟಿಕ್ಕನ್ನೂ ಪ್ಯಾಂಟನ್ನೂ ದಾಟಿ ತೊಡೆಯ ಮಾಂಸಕ್ಕೆ ಇಳಿಯಿತು. ಚೀಲ ಬಂದ ಕೋಣೆಯಲ್ಲಿದ್ದ ರೋಗಿಗೆ ಇದೇ ಕಾಮಾಲೆ.

ಸಿಬ್ಬಂದಿಯ ಕ್ಲಿನಿಕ್ಕಿನಲ್ಲಿದ್ದ ನರ್ಸ್ ತೆರೇಸಾ ಕಿನ್ನಿಗೋಳಿಯವಳು. ಈ ಹುಡುಗರಿಗೆ ಮೂರೂ ಸಲ ಚುಚ್ಚಿದವಳು ಅವಳೇ. ಹೆದರಬೇಡ, ಲಸಿಕೆ ಆಗಿದೆಯಲ್ಲ ಎಂದು ನಗುತ್ತಲೇ ನಿಯಾಝನ ರಕ್ತ ತೆಗೆದಳು. ಫಲಿತಾಂಶ ಬಂದಾಗ ನಗು ಹೋಯಿತು. ಮೂರು ಲಸಿಕೆಯ ನಂತರ ರಕ್ತದಲ್ಲಿ ಇರಬೇಕಾದ ರಕ್ಷಣೆ ಇರಲೇ ಇಲ್ಲ. ಬೇರೆಯವರ ರಕ್ತದಿಂದ ತೆಗೆದ ರಕ್ಷಣೆಯ ಮದ್ದನ್ನು ತಕ್ಷಣ ಸೊಂಟಕ್ಕೆ ಚುಚ್ಚಿ, ತೋಳಿಗೆ ಲಸಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ಅಂಗಿಯ ತೋಳು ಮಡಚುವಾಗ ಹಳೆ ಬಾಸುಂಡೆಯ ಕಲೆ ಕಂಡಿತು.

“ಇದು ಎಂತ?”

“ಲಸಿಕೆಯ ದಿನ ಮಲಗಬಾರದಲ್ಲ ಸಿಸ್ಟರ್. ಮಾಮ ಎಚ್ಚರ ಇಡುತ್ತಾರೆ.”

ತೆರೇಸಾ ಅವತ್ತೇ ಕಾಸಿಂಗೆ ಹೇಳಿಕಳಿಸಿದಳು. ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ಕೈಕಟ್ಟಿ ನಿಂತ. ಅವಳು ಕೂರಲು ಹೇಳಲಿಲ್ಲ.

“ಕಾಸಿಂ, ಹುಡುಗರನ್ನು ಮಲಗಲು ಬಿಡುವುದಿಲ್ಲವಂತೆ. ಯಾವ ಡಾಕ್ಟರು ಹೇಳಿದ್ದು ನಿಮಗೆ?”

ಅವನು ಹಾವಿನ ಕತೆ ಹೇಳಿದ. ಹೆಮ್ಮೆಯಿಂದಲೇ ಹೇಳಿದ. ತೆರೇಸಾಳ ಮೂಗಿನ ಹೊಳ್ಳೆ ಅರಳುತ್ತ ಹೋಯಿತು.

“ಲಸಿಕೆ ವಿಷ ಅಲ್ಲ ಮಾರಾಯ. ಕಳ್ಳನ ಫೋಟೋ ತೋರಿಸಿದ ಹಾಗೆ ಅದು. ಇಂಥವನು ಬಂದರೆ ಹಿಡಿಯಿರಿ ಅಂತ ಮೈಗೆ ಕಲಿಸುವುದು. ಮೈ ಆ ಪಾಠ ಕಲಿಯುವುದು ಹೆಚ್ಚಾಗಿ ಮಲಗಿದಾಗ. ಸರಿಯಾಗಿ ನಿದ್ದೆ ಮಾಡದವರಿಗೆ ಲಸಿಕೆ ಕಡಿಮೆ ಹತ್ತುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ.”

“ಹಾಗಾದರೆ ಇವನಿಗೆ ನನ್ನಿಂದಲೇ ಹೀಗಾದದ್ದಾ?”

“ಹಾಗಂತ ನಾನು ಆಣೆ ಹಾಕುವುದಿಲ್ಲ. ಎಷ್ಟು ಮಲಗಿದರೂ ಲಸಿಕೆ ಹತ್ತದವರು ಇದ್ದಾರೆ. ಆದರೆ ಹತ್ತಬಹುದಾದದ್ದನ್ನೂ ನೀವು ಪೈಪು ಹಿಡಿದು ಓಡಿಸಿದ್ದೀರಿ.” ಅವಳು ದನಿ ಇಳಿಸಿದಳು. “ಈಗ ಸೊಂಟಕ್ಕೆ ಕೊಟ್ಟದ್ದು ಬಾಡಿಗೆ ಕಾವಲು. ಕೆಲವು ತಿಂಗಳಲ್ಲಿ ಎದ್ದು ಹೋಗುತ್ತದೆ. ಅಷ್ಟರಲ್ಲಿ ಅವನ ಮೈ ಸ್ವಂತ ಕಾವಲು ಎಬ್ಬಿಸಬೇಕು. ಪ್ರತೀ ಚುಚ್ಚುಮದ್ದಿನ ಹಿಂದೆ ಮುಂದೆ ಅವನು ಕಣ್ತುಂಬ ಮಲಗಬೇಕು. ಈಗ ರಜೆ ಬರೆದು ಕೊಡುತ್ತೇನೆ. ಎಬ್ಬಿಸಿದವನನ್ನು ನಾನು ಬಿಡುವುದಿಲ್ಲ.”

ಕಾಸಿಂ ಬಾಗಿಲ ಹತ್ತಿರ ಹೋಗಿ ತಿರುಗಿದ. “ಆದರೆ ಸಿಸ್ಟರ್, ಉಮ್ಮ ಹೊಡೆದದ್ದರಿಂದಲೇ ಅಲ್ವಾ ನಾನು ಉಳಿದದ್ದು?”

“ಎಚ್ಚರ ಇಟ್ಟರೆ ಹಾವಿನ ವಿಷ ಇಳಿಯುವುದಿಲ್ಲ. ನಿಮಗೆ ವಿಷ ಏರಿರಲೇ ಇಲ್ಲ, ಅಷ್ಟೇ. ಸಾಯದ ಮಗನನ್ನು ಪಾಪ ಅವರು ದಿನವಿಡೀ ಹೊಡೆದರು.”

ಬಸ್ ಸ್ಟಾಪಿನ ನೆರಳಲ್ಲಿ ನಿಂತು ಕಾಸಿಂ ಉಳ್ಳಾಲಕ್ಕೆ ಫೋನ್ ಮಾಡಿದ. ಸಫಿಯಮ್ಮನಿಗೆ ಈಗ ಹಲ್ಲಿಲ್ಲ, ನಾಲಿಗೆ ಮಾತ್ರ ಗಟ್ಟಿ.

“ಉಮ್ಮಾ, ನನಗೆ ಕಚ್ಚಿದ್ದು ಯಾವ ಹಾವು?”

“ಈಗ ಎಂತಕ್ಕೆ ಮೋನೇ ಅದೆಲ್ಲ?”

“ಹೇಳಿ. ಕಪ್ಪಾ, ಕಂದು ಬಣ್ಣದ್ದಾ?”

“ಹಾವನ್ನು ನೋಡಿದ್ದು ಯಾರು? ನೀನು ಹಾವು ಹಾವು ಅಂತ ಬೊಬ್ಬೆ ಹೊಡೆದು ಓಡಿ ಬಂದೆ, ಕಾಲಲ್ಲಿ ರಕ್ತ ಇತ್ತು. ಆಮೇಲೆ ನಿನ್ನ ಬಾಪ ಮಡಲು ಪೂರ್ತಿ ತೆಗೆದು ನೋಡಿದರು. ಒಂದು ಓತಿಕ್ಯಾತ ಸಹ ಇರಲಿಲ್ಲ.” ಮುದುಕಿ ನಕ್ಕಳು. “ಮುಳ್ಳು ತಾಗಿದ್ದೋ ಏನೋ. ನನ್ನ ತೋಳು ಮಾತ್ರ ಇವತ್ತಿಗೂ ನೋಯುತ್ತದೆ.”

ಕಾಸಿಂ ಫೋನನ್ನು ಕಿವಿಯಿಂದ ಇಳಿಸಲು ಮರೆತು ನಿಂತ. ಸಣ್ಣವನಿದ್ದಾಗಿನ ಆ ದಿನ ಅವನು ನಿಜವಾಗಿ ಕಂಡದ್ದು ಏನು? ಮಡಲಿನ ಅಡಿಯಲ್ಲಿ ಏನೋ ಅಲುಗಿತ್ತು. ಗಾಳಿಗೂ ಅಲುಗೀತು. ಬೆನ್ನ ತುಂಬ ಹೊತ್ತು ತಿರುಗಿದ ಕಲೆಗಳು, ಆ ಕಲೆಗಳ ಹೆಸರಲ್ಲಿ ಅವನು ಎಷ್ಟೋ ಹುಡುಗರ ಮೈಮೇಲೆ ಬರೆದ ಬಾಸುಂಡೆಗಳು, ಇಲ್ಯಾಸನ ಕಿವಿ, ಎಲ್ಲದರ ಬುಡದಲ್ಲಿ ಯಾರೂ ಕಾಣದ ಒಂದು ಹಾವು.

ನಿಯಾಝನನ್ನು ಅವನು ಅಡುಗೆಮನೆಯ ಹಿಂದಿನ ತನ್ನ ಕೋಣೆಯಲ್ಲಿ ಮಲಗಿಸಿದ. ಬಾಗಿಲ ಸಂದಿಗೆ ಹಳೆ ಲುಂಗಿ ತುರುಕಿದ. ಹುಡುಗನಿಗೆ ನಿದ್ದೆ ಹತ್ತಲೇ ಇಲ್ಲ. ಮಾಮ ಹತ್ತಿರ ಬಂದಾಗಲೆಲ್ಲ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದ. ಅದನ್ನು ನೋಡಿ ಕಾಸಿಂ ಹೊರಗೆ ಹೋಗಿ ಬಾಗಿಲ ಬಳಿ ನೆಲದಲ್ಲಿ ಕೂತ. ಅವನು ದೂರ ಸರಿದ ಮೇಲೆಯೇ ಒಳಗೆ ಗೊರಕೆ ಶುರುವಾಯಿತು.

ಮರುದಿನ ನಡು ಮಧ್ಯಾಹ್ನ ಬಿಳಿ ವ್ಯಾನಿನ ಹಾರನ್ ಕೂಗಿತು. ಯಾರೂ ಬರದ್ದು ನೋಡಿ ಝಿಯಾದ್ ಒಳಗೆ ಬಂದ. ಆಳು ಕಡಿಮೆ ಇದ್ದಾರೆ, ನಿಯಾಝ್ ಎಲ್ಲಿ ಎಂದು ಅರಬಿ ಹಿಂದಿ ಬೆರೆಸಿ ಕೇಳಿದ.

“ಅವನಿಗೆ ರಜೆ ಉಂಟು,” ಎಂದು ಕಾಸಿಂ ತಗ್ಗಿದ ದನಿಯಲ್ಲಿ ಹೇಳಿದ. “ಮಲಗಿದ್ದಾನೆ.”

“ಸೂಜಿ ತಾಗಿದ್ದಕ್ಕೆ ರಜೆಯಾ? ನನಗೂ ದಿನಾ ಏನೇನೋ ತಾಗುತ್ತದೆ. ಎಬ್ಬಿಸು.”

“ಇಲ್ಲ.”

ಇಷ್ಟು ವರ್ಷಗಳಲ್ಲಿ ಕಾಸಿಂನ ಬಾಯಿಂದ ಆ ಪದ ಕೇಳಿ ಗೊತ್ತಿರದ ಝಿಯಾದ್ ಮೊದಲು ನಕ್ಕ. ಆಮೇಲೆ ದೊಡ್ಡ ಕೋಣೆಯ ಮೊಳೆಯಿಂದ ಪೈಪು ತಂದು, ಕಾಸಿಂ ಯಾವಾಗಲೂ ಮಾಡುತ್ತಿದ್ದ ಹಾಗೆಯೇ, ಬಾಗಿಲಿಗೆ ಬಾರಿಸಲು ಎತ್ತಿದ. ಕಾಸಿಂ ಬಾಗಿಲಿಗೂ ಪೈಪಿಗೂ ನಡುವೆ ಬಲಗೈ ಒಡ್ಡಿದ. ಮಣಿಕಟ್ಟಿನ ಎಲುಬು ಒಣಗಿದ ಸೌದೆಯ ಹಾಗೆ ಮುರಿಯಿತು.

ಬೊಬ್ಬೆ ಗಂಟಲವರೆಗೆ ಬಂತು. ಕಾಸಿಂ ಅದನ್ನು ನುಂಗಿದ. ಒಳಗೆ ಹುಡುಗ ಮಲಗಿದ್ದಾನೆ.

ಝಿಯಾದ್ ಅವನನ್ನು ಭುಜ ಹಿಡಿದು ಎಳೆದ. ಕಾಸಿಂ ಬಾಗಿಲ ಚೌಕಟ್ಟಿಗೆ ಕಾಲು ಕೊಟ್ಟು ನಿಂತ. ಎರಡನೇ ಪೆಟ್ಟು ಹೆಗಲಿಗೆ ಬಿತ್ತು, ಮೂರನೆಯದು ಬಾಯಿಗೆ. ತುಟಿ ಸೀಳಿ ಹಲ್ಲು ಸಡಿಲವಾಯಿತು. ಅವನು ಎಡಗೈಯಲ್ಲಿ ಝಿಯಾದನ ಕುತ್ತಿಗೆ ಹಿಡಿದು ತನ್ನ ತಲೆಯಿಂದ ಅವನ ಮೂಗಿಗೆ ಗುದ್ದಿದ. ಮೂಗಿನಿಂದ ರಕ್ತ ಚಿಮ್ಮಿತು. ಕಿರುಚಲು ತೆರೆದ ಝಿಯಾದನ ಬಾಯಿಯನ್ನು ಕಾಸಿಂ ತನ್ನ ರಕ್ತ ಸುರಿಯುವ ಮುಖದಿಂದಲೇ ಅವುಚಿದ. ಇಬ್ಬರೂ ನೆಲಕ್ಕೆ ಬಿದ್ದು ಹೊರಳಿದರು. ಮುರಿದ ಕೈ ಅಡಿಗೆ ಸಿಕ್ಕಿ ಕಾಸಿಂನ ಕಣ್ಣು ಕತ್ತಲಾಯಿತು. ಆಗಲೂ ಅವನು ಕೂಗಲಿಲ್ಲ. ಝಿಯಾದ್ ಕಾಸಿಂನ ಮೇಲೆ ಕೂತು ಪಕ್ಕೆಗೆ, ಹೊಟ್ಟೆಗೆ ಗುದ್ದುತ್ತ ಹೋದ. ಗುದ್ದು ಬಿದ್ದಾಗಲೆಲ್ಲ ಕಾಸಿಂನ ಎದೆಯಿಂದ ಉಸಿರು ಹೊರಬರುತ್ತಿತ್ತೇ ಹೊರತು ಸದ್ದಿಲ್ಲ.

ದೊಡ್ಡ ಕೋಣೆಯಿಂದ ಹುಡುಗರು ಕಣ್ಣುಜ್ಜಿಕೊಳ್ಳುತ್ತ ಬಂದು ನಿಂತರು. ತಮ್ಮನ್ನು ಹೊಡೆಯುತ್ತಿದ್ದವನು ಹೊಡೆತ ತಿನ್ನುವುದನ್ನು ನೋಡಿದರು. ಯಾರೂ ಕದಲಲಿಲ್ಲ. ಯಾಕೆ ಕದಲಬೇಕು? ಅವರ ಅಂಗಾಲುಗಳಿಗೆ ನೆನಪಿತ್ತು. ಒಬ್ಬನ ಮುಖದಲ್ಲಿ ಸಣ್ಣ ನಗುವೂ ಇತ್ತು.

ಝಿಯಾದ್ ಎದ್ದು ಮತ್ತೆ ಪೈಪಿಗೆ ಕೈಹಾಕಿದ. ತಲೆಗೆ ಬೀಳುವ ಪೆಟ್ಟು ಅದು. ಅಷ್ಟರಲ್ಲಿ ಇಲ್ಯಾಸ್ ಹಿಂದಿನಿಂದ ಬಂದು ಅವನ ಕೈ ತಿರುಚಿ ಪೈಪು ಕಿತ್ತುಕೊಂಡ. ಅದನ್ನು ಝಿಯಾದನ ಎದೆಗೆ ಒತ್ತಿ ಗೋಡೆಗೆ ಒರಗಿಸಿದ.

“ಕೆಫಾಯಾ, ಸಾಕು,” ಎಂದ ಇಲ್ಯಾಸ್. “ಒಳಗೆ ನಿಯಾಝ್ ಮಲಗಿದ್ದಾನೆ.”

ಝಿಯಾದ್ ಗೋಡೆಯಂತೆ ನಿಂತ ಹುಡುಗರನ್ನು ನೋಡಿದ, ಮೂಗು ಹಿಡಿದು ಹೊರಗೆ ಹೋದ. ವ್ಯಾನು ಖಾಲಿಯೇ ಹೊರಟಿತು. ಕಾಸಿಂ ನೆಲದಿಂದ ಕೈ ಚಾಚಿದ. ಇಲ್ಯಾಸ್ ಆ ಕೈ ಹಿಡಿಯಲಿಲ್ಲ.

“ನಿಮಗೋಸ್ಕರ ಅಲ್ಲ ಕಾಸಿಮಾಕ. ನನ್ನ ಕಿವಿಯ ಬಾಕಿ ಹಾಗೇ ಉಂಟು.”

ಸಂಜೆ ನಿಯಾಝ್ ಬಾಗಿಲು ತೆರೆದಾಗ ಹೊಸ್ತಿಲಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಕೈಗೆ ಲುಂಗಿ ಸುತ್ತಿಕೊಂಡು ಕೂತಿದ್ದ ಮಾಮನನ್ನು ನೋಡಿ ಗಾಬರಿಯಾದ. “ಇದೆಂತ ಮಾಮ? ನನ್ನನ್ನು ಯಾಕೆ ಎಬ್ಬಿಸಲಿಲ್ಲ?”

ಕಾಸಿಂಗೆ ಆ ತುಟಿಯಲ್ಲಿ ಮಾತು ಬರಲಿಲ್ಲ. ಒಳಗೆ ಹೋಗು ಎಂದು ಕಣ್ಣಲ್ಲೇ ಹೇಳಿದ.

ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದದ್ದು ಎಂದು ಕಾಸಿಂನ ಕೈಗೆ ಪ್ಲಾಸ್ಟರು ಹಾಕಿಸಿದರು. ವ್ಯಾನಿನ ಬಾಗಿಲು ಬಡಿದದ್ದು ಎಂದು ಝಿಯಾದ್ ತನ್ನ ಮೂಗಿಗೆ ಪಟ್ಟಿ ಹಾಕಿಸಿದ. ರಜೆಯಲ್ಲಿದ್ದವನನ್ನು ಎಳೆಯಲು ಹೋದದ್ದು ಆಸ್ಪತ್ರೆಗೆ ಗೊತ್ತಾದರೆ ಗುತ್ತಿಗೆಯೇ ಹೋದೀತು. ಹಾಗಾಗಿ ಕಂಪೆನಿಗೆ ಎರಡೂ ಸುಳ್ಳು ಹಿತವಾಗಿದ್ದವು. ನಿಯಾಝನ ಮುಂದಿನ ಚುಚ್ಚುಮದ್ದುಗಳ ದಿನಗಳಲ್ಲೂ ಕಾಸಿಂ ಬಾಗಿಲು ಕಾದ. ವ್ಯಾನು ರಸ್ತೆಯಲ್ಲೇ ತಿರುಗಿ ಹೋಗುತ್ತಿತ್ತು. ಬೇರೆ ಹುಡುಗರನ್ನು ಬೇರೆ ದಿನ ಅದು ತುಂಬಿಕೊಂಡು ಹೋಗುತ್ತಿತ್ತು, ಆಗ ಕಾಸಿಂ ಅಡುಗೆಮನೆಯಲ್ಲಿ ಏನೋ ಹುಡುಕುವವನ ಹಾಗೆ ಇರುತ್ತಿದ್ದ. ಪೈಪು ಬಾರಿಸುತ್ತಿರಲಿಲ್ಲ, ಅಷ್ಟೇ.

ತಿಂಗಳುಗಳು ಕಳೆದು ಬಾಡಿಗೆ ಕಾವಲು ಇಳಿದ ಮೇಲೆ ತೆರೇಸಾ ನಿಯಾಝನ ರಕ್ತ ಮತ್ತೆ ನೋಡಿದಳು. ರೋಗ ತಗಲಿರಲಿಲ್ಲ. ಸ್ವಂತ ರಕ್ಷಣೆ ಎದ್ದಿತ್ತು, ಬೇಕಾದ್ದಕ್ಕಿಂತ ಹೆಚ್ಚೇ. ವಕ್ರವಾಗಿ ಕೂಡಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ ಕಾಸಿಂ ಅವಳ ಮೇಜಿನ ಮುಂದೆಯೇ ಮುಖ ತಿರುಗಿಸಿ ಅತ್ತ.

“ನಿದ್ದೆ ಒಂದರಿಂದಲೇ ಆಯಿತು ಅಂತ ಊರಿಡೀ ಹೇಳಿಕೊಂಡು ಬರಬೇಡಿ,” ಎಂದಳು ತೆರೇಸಾ. “ಇನ್ನೊಂದು ವಿಷಯ. ಇವನದ್ದು ನೋಡಿ ರಾತ್ರಿ ಪಾಳಿಯವರೆಲ್ಲರ ರಕ್ತ ತೆಗೆಸಿದೆ. ಲಸಿಕೆ ಹತ್ತದವರು ಇನ್ನೂ ಇದ್ದಾರೆ. ಇಲ್ಯಾಸ್ ಸಹ. ನಾಳೆ ಬೆಳಿಗ್ಗೆ ಅವರಿಗೆ ಮತ್ತೆ ಚುಚ್ಚುವುದು.”

“ಅವರಿಗೆ ರಜೆ?”

“ಸೂಜಿ ತಾಗದವರಿಗೆ ರಜೆ ಬರೆಯಲು ನನಗೆ ಅಧಿಕಾರ ಇಲ್ಲ ಕಾಸಿಂ.”

ಮರುದಿನ ಬೆಳಿಗ್ಗೆ ಬಸ್ಸು ಇಳಿದ ಹುಡುಗರು ತೋಳಿಗೆ ಹತ್ತಿ ಒತ್ತಿಕೊಂಡು ಒಳಗೆ ಬಂದರು. ಇಲ್ಯಾಸ್ ಕಾಸಿಂನ ಮುಂದೆ ನಿಂತು, ಅಭ್ಯಾಸದಂತೆ ಬಲಗಿವಿ ಈ ಕಡೆ ತಿರುಗಿಸಿದ.

“ನಿಯಾಝ್ ನಿಮ್ಮ ತಂಗಿಯ ಮಗ,” ಎಂದ. “ಅವನ ಬಾಗಿಲಿಗೆ ನೀವು ನಿಂತಿರಿ. ನನ್ನ ಬಾಗಿಲಿಗೆ ಯಾರು ನಿಲ್ಲುವುದು?”

ಉತ್ತರಕ್ಕೆ ಕಾಯದೆ ಇಲ್ಯಾಸ್ ಹೋಗಿ ಮಂಚ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿದ.

ಹೊತ್ತು ಏರಿತು. ದೊಡ್ಡ ಕೋಣೆಯ ಒಳಗೆ ಒಬ್ಬೊಬ್ಬರದೇ ಉಸಿರು ಭಾರವಾಗುತ್ತ ಬಂತು. ಕಾಸಿಂ ಒಳಗೆ ಹೆಜ್ಜೆಯ ಸದ್ದಾಗದಂತೆ ಹೋಗಿ ಮೊಳೆಯಿಂದ ಪೈಪು ಇಳಿಸಿದ. ನಿದ್ದೆಯಲ್ಲೇ ಯಾರೋ ಕಾಲು ಮುದುಡಿಕೊಂಡರು. ಅವನು ಹೊರಗೆ ಬಂದು ಬಾಗಿಲು ಎಳೆದು, ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿ ತಂದು ಹೊಸ್ತಿಲಿಗೆ ಅಡ್ಡ ಇಟ್ಟ. ರಸ್ತೆಗೆ ಮುಖ ಮಾಡಿ ಕೂತ. ಬಲಗೈಗೆ ಹಿಡಿತ ಇಲ್ಲದ್ದರಿಂದ ಪೈಪನ್ನು ಎಡಗೈಗೆ ತೆಗೆದುಕೊಂಡ.

ದೂರದಲ್ಲಿ ಬಿಳಿ ವ್ಯಾನು ತಿರುವು ದಾಟಿ ಬರುತ್ತಿತ್ತು. ಈ ಸಲ ಮುಂದಿನ ಸೀಟಿನಲ್ಲಿ ಝಿಯಾದನ ಜೊತೆ ಇನ್ನಿಬ್ಬರು ಕೂತಿದ್ದರು. ಹಾರನ್ ಒತ್ತುವ ಮೊದಲೇ ಅದನ್ನು ತಡೆಯಬೇಕು ಎಂದುಕೊಂಡು ಕಾಸಿಂ ಎದ್ದು ಅಂಗಳಕ್ಕೆ ಇಳಿದ.